ಹಾಡೂ ಅವರದೇ, ಕಂಪನಿಯೂ ಅವರದೇ: ಕರ್ಟಿಸ್ ಮೇಫೀಲ್ಡ್ 1970ರಲ್ಲಿ ಮಾಡಿದ ಆಲ್ಬಮ್

ಇವತ್ತಿನ ಸಭೆಯಲ್ಲಿ ಒಂದೇ ಆಲ್ಬಮ್ ಕೇಳುತ್ತ ಅದರ ಬಗ್ಗೆ ಮಾತಾಡೋಣ. ಹೆಸರು ‘ಕರ್ಟಿಸ್’. 1970ರ ಸೆಪ್ಟೆಂಬರಿನಲ್ಲಿ ಶಿಕಾಗೋದಿಂದ ಬಂತು. ಎಂಟು ಹಾಡು, ಎರಡೂ ಬದಿ ಸೇರಿ ಸುಮಾರು 40 ನಿಮಿಷ. ಹಾಡಿದವರು, ಬರೆದವರು, ಗಿಟಾರ್ ಹಿಡಿದವರು, ನಿರ್ಮಾಪಕರು ಎಲ್ಲವೂ ಕರ್ಟಿಸ್ ಮೇಫೀಲ್ಡ್ ಒಬ್ಬರೇ. ಗ್ರಾಮಫೋನ್ ತಟ್ಟೆಯ ನಡುವಿನ ಲೇಬಲ್ ಮೇಲೆ ‘ಕರ್ಟಮ್’ ಅಂತ ಇರುತ್ತದೆ. ಎರಡು ವರ್ಷದ ಹಿಂದಷ್ಟೇ, 1968ರಲ್ಲಿ, ಮೇಫೀಲ್ಡ್ ತಮ್ಮ ಮ್ಯಾನೇಜರ್ ಎಡ್ಡಿ ಥಾಮಸ್ ಜೊತೆ ಸೇರಿ ಕಟ್ಟಿದ ಕಂಪನಿ ಅದು. ಕರ್ಟಿಸ್‌ನ ಮೊದಲರ್ಧ, ಥಾಮಸ್‌ನ ಮೊದಲರ್ಧ ಸೇರಿ ಕರ್ಟಮ್.

ಈ ತಟ್ಟೆಯಲ್ಲಿ ನಮ್ಮ ಕಿವಿಗೆ ಬೀಳುವ ಸ್ವಾತಂತ್ರ್ಯಕ್ಕೂ ಕಾಗದಪತ್ರಗಳಲ್ಲಿ ಯಾರ ಹೆಸರಿತ್ತು ಎಂಬುದಕ್ಕೂ ನೇರ ಸಂಬಂಧವಿದೆ. ನಾನು ಇವತ್ತು ಹೇಳಬೇಕೆಂದಿರುವುದು ಅದನ್ನೇ. ಸೋಲ್ (ಅಮೆರಿಕದ ಕಪ್ಪು ಜನರ ಚರ್ಚು ಹಾಡುಗಳಿಂದ ಬೆಳೆದ ಜನಪ್ರಿಯ ಗಾಯನ) ಸಂಗೀತದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಕಂಠ, ನೋವು, ಚರ್ಚು ಅಂತ ಮಾತಾಡುತ್ತಾರೆ. ಅದೆಲ್ಲ ಇದೆ. ಮೇಫೀಲ್ಡ್ ಕೂಡ ಅಜ್ಜಿಯ ಚರ್ಚಿನಲ್ಲಿ ಹಾಡುತ್ತ ಬೆಳೆದವರೇ. ಆದರೆ ಒಂಬತ್ತು ನಿಮಿಷಕ್ಕೆ ಹತ್ತಿರವಾಗುವ ಹಾಡನ್ನು ತಟ್ಟೆಗೆ ಹಾಕಲು ಕಂಠವೊಂದೇ ಸಾಲದು. ಬೇಡ ಅನ್ನುವ ಅಧಿಕಾರ ಬೇರೆ ಯಾರ ಕೈಯಲ್ಲೂ ಇರಬಾರದು.

ಹಿಂದಿನದನ್ನು ಬೇಗ ಮುಗಿಸಿಬಿಡುತ್ತೇನೆ. ಮೇಫೀಲ್ಡ್ ಹುಟ್ಟಿದ್ದು 1942ರಲ್ಲಿ, ಶಿಕಾಗೋದಲ್ಲೇ. ಹದಿಹರೆಯದಲ್ಲೇ ‘ದಿ ಇಂಪ್ರೆಷನ್ಸ್’ ಎಂಬ ಗಾಯಕ ತಂಡಕ್ಕೆ ಸೇರಿದರು. 1961ರ ‘ಜಿಪ್ಸಿ ವುಮನ್’ನಿಂದ ಮುಂದಕ್ಕೆ ಆ ತಂಡದ ತಟ್ಟೆಗಳು ಎಬಿಸಿ-ಪ್ಯಾರಾಮೌಂಟ್ ಎಂಬ ದೊಡ್ಡ ಕಂಪನಿಯಿಂದ ಬರುತ್ತಿದ್ದವು. ಆ ದಿನಗಳಲ್ಲೇ ಅವರು ಕರ್ಟಮ್ ಎಂಬ ಹೆಸರಿನಲ್ಲಿ ಪಬ್ಲಿಷಿಂಗ್ ಕಂಪನಿ ಮಾಡಿಕೊಂಡರು. ಅಂದರೆ ಹಾಡಿನ ರಚನೆಯ ಹಕ್ಕನ್ನು ಇಟ್ಟುಕೊಳ್ಳುವ ಕಂಪನಿ. ಇಪ್ಪತ್ತರ ಆಸುಪಾಸಿನ ಕಪ್ಪು ಹುಡುಗ ಆ ಕಾಲದಲ್ಲಿ ಹೀಗೆ ಯೋಚಿಸುವುದು ಅಪರೂಪ. 1966ರಲ್ಲಿ ‘ವಿಂಡಿ ಸಿ’ ಎಂಬ ಪುಟ್ಟ ಲೇಬಲ್, ಅಂದರೆ ತಟ್ಟೆ ಹೊರತರುವ ಕಂಪನಿ, ಮಾಡಿ ನೋಡಿದರು, ‘ಮೇಫೀಲ್ಡ್’ ಎಂಬ ಇನ್ನೊಂದನ್ನೂ ಮಾಡಿದರು. ಎರಡೂ ನಿಲ್ಲಲಿಲ್ಲ. ಹಾಗಾಗಿ ಕರ್ಟಮ್ ಶುರುವಾಗುವಾಗ ಅವರಿಗೆ ಈ ವ್ಯವಹಾರ ಹೊಸದಾಗಿರಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಧ್ವನಿಮುದ್ರಿತ ಹಾಡಿನಲ್ಲಿ ಎರಡು ಆಸ್ತಿಗಳಿವೆ. ಮೊದಲನೆಯದು ರಚನೆ: ಸಾಹಿತ್ಯ ಮತ್ತು ರಾಗ. ಎರಡನೆಯದು ಮಾಸ್ಟರ್: ಸ್ಟುಡಿಯೋದಲ್ಲಿ ಟೇಪಿಗಿಳಿದ ಆ ನಿರ್ದಿಷ್ಟ ಧ್ವನಿಮುದ್ರಣ. ರಚನೆ ಬರೆದವರದ್ದು ಮತ್ತು ಪಬ್ಲಿಷರದ್ದು, ಮಾಸ್ಟರ್ ಮಾಮೂಲಿಯಾಗಿ ರೆಕಾರ್ಡ್ ಕಂಪನಿಯದ್ದು. ಅಮೆರಿಕದ 1909ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಮಾರಾಟವಾದ ಪ್ರತಿ ತಟ್ಟೆಗೆ ಪ್ರತಿ ಹಾಡಿಗೆ ರಚನೆಯ ಪಾಲು 2 ಸೆಂಟ್. 1978ರವರೆಗೂ ಈ ದರ ಬದಲಾಗಲಿಲ್ಲ. ಎಂಟು ಹಾಡಿನ ಆಲ್ಬಮ್ ಅಂದರೆ ಪ್ರತಿಗೆ 16 ಸೆಂಟ್. ರೂಢಿಯಂತೆ ಅದರಲ್ಲಿ ಅರ್ಧ ಬರೆದವರಿಗೆ, ಅರ್ಧ ಪಬ್ಲಿಷರಿಗೆ. ಎಂಟನ್ನೂ ನೀವೇ ಬರೆದು ಪಬ್ಲಿಷಿಂಗೂ ನಿಮ್ಮದೇ ಆದರೆ ಪೂರ್ತಿ 16 ಸೆಂಟೂ ನಿಮ್ಮ ಮನೆಗೆ. ಬೇರೆಯವರ ಹಾಡುಗಳನ್ನಷ್ಟೇ ಹಾಡಿದ್ದರೆ ಈ ಬಾಬ್ತಿನಲ್ಲಿ ನಿಮಗೆ ಸೊನ್ನೆ.

ರೇಡಿಯೋದ ಕಥೆ ಇನ್ನೂ ಕಠಿಣ. ಅಮೆರಿಕದ ಎಎಂ, ಎಫ್‌ಎಂ ಕೇಂದ್ರಗಳು ತಟ್ಟೆ ಹಾಕಿದಾಗ ದುಡ್ಡು ಹೋಗುವುದು ರಚನಕಾರರಿಗೆ ಮತ್ತು ಪಬ್ಲಿಷರಿಗೆ ಮಾತ್ರ. ಹಾಡಿದವರಿಗೆ ಏನೂ ಇಲ್ಲ, ಇವತ್ತಿಗೂ ಇಲ್ಲ. ಸೋಲ್ ಕಾಲದ ದೊಡ್ಡ ದೊಡ್ಡ ಗಾಯಕರು ಮುಪ್ಪಿನಲ್ಲಿ ಕಷ್ಟಪಟ್ಟದ್ದಕ್ಕೆ ಇದೊಂದು ಮುಖ್ಯ ಕಾರಣ. ಅವರ ದನಿ ದಿನಕ್ಕೆ ನೂರು ಸಲ ಗಾಳಿಯಲ್ಲಿ ತೇಲಿದರೂ ಅಂಚೆಯಲ್ಲಿ ಚೆಕ್ ಬರುತ್ತಿರಲಿಲ್ಲ.

ಇನ್ನು ಗಾಯಕರ ರಾಯಲ್ಟಿ. ಕೇಳಲು ಚೆನ್ನಾಗಿರುತ್ತದೆ, ಶೇಕಡಾ ಇಷ್ಟು ಅಂತ. ಆದರೆ ಸ್ಟುಡಿಯೋ ಬಾಡಿಗೆ, ವಾದ್ಯಗಾರರ ಯೂನಿಯನ್ ದರ, ಯಾವ ವಾದ್ಯ ಎಲ್ಲಿ ಏನು ನುಡಿಸಬೇಕೆಂದು ಹೊಂದಿಸುವ ಅರೇಂಜರ್ ಸಂಭಾವನೆ, ಪಿಟೀಲಿನವರಿಗೆ ಸ್ವರಲಿಪಿ ಬರೆದುಕೊಟ್ಟವರ ಕೂಲಿ, ಎಲ್ಲವನ್ನೂ ಮೊದಲು ಆ ಶೇಕಡಾದಿಂದಲೇ ವಜಾ ಮಾಡಿಕೊಳ್ಳುತ್ತಾರೆ. ಸಾಲ ತೀರುವವರೆಗೆ ಗಾಯಕರಿಗೆ ಪೈಸೆ ಸಿಗದು. ಸಾಲ ತೀರಿದ ಮೇಲೂ ಮಾಸ್ಟರ್ ಮಾತ್ರ ಕಂಪನಿಯದೇ. ಮನೆ ಕಟ್ಟಿದ ಸಾಲವನ್ನೆಲ್ಲ ನೀವು ತೀರಿಸಿ, ಹಕ್ಕುಪತ್ರ ಬ್ಯಾಂಕಿನ ಹೆಸರಿನಲ್ಲೇ ಉಳಿದಂತೆ. ಸ್ವಂತ ಲೇಬಲ್ ಮಾಡಿದರೆ ಖರ್ಚೇನೂ ಕಡಿಮೆಯಾಗುವುದಿಲ್ಲ. ಆದರೆ ಖರ್ಚಿನ ಕೊನೆಗೆ ಟೇಪು ನಿಮ್ಮ ಬೀರುವಿನಲ್ಲಿರುತ್ತದೆ.

ನಮ್ಮಲ್ಲಿ ಸಿನಿಮಾ ಹಾಡು ಬರೆಯುವವರು, ಸಂಗೀತ ಕೊಡುವವರು ಈ ಸಭೆಯಲ್ಲಿದ್ದರೆ ಅವರಿಗೊಂದು ಮಾತು. ಭಾರತದಲ್ಲಿ 2012ರ ಕಾಪಿರೈಟ್ ತಿದ್ದುಪಡಿಯ ನಂತರ ಸಾಹಿತ್ಯ, ಸಂಗೀತಗಳ ರಾಯಲ್ಟಿ ಪಡೆಯುವ ಹಕ್ಕನ್ನು ಒಪ್ಪಂದದಲ್ಲಿ ಸಹಿ ಹಾಕಿಯೂ ಬಿಟ್ಟುಕೊಡಲು ಬರುವುದಿಲ್ಲ. ಚಿತ್ರಮಂದಿರದಲ್ಲಿ ಸಿನಿಮಾ ತೋರಿಸುವುದೊಂದನ್ನು ಬಿಟ್ಟು ಉಳಿದ ಬಳಕೆಗಳಿಗೆಲ್ಲ ಈ ರಕ್ಷಣೆ ಇದೆ. ಮೇಫೀಲ್ಡ್‌ಗೆ ಇಂಥ ಕಾನೂನಿನ ಆಸರೆ ಇರಲಿಲ್ಲ. ಅವರು ಅದನ್ನು ಕಂಪನಿ ಕಟ್ಟಿಯೇ ಪಡೆಯಬೇಕಾಯಿತು.

ಕಾಗದ ಸರಿಯಾಗಿ ಓದದಿದ್ದರೆ ಏನಾಗುತ್ತದೆ? ಅದಕ್ಕೆ ಅದೇ ಕಾಲದ, ಅದೇ ಸಂಗೀತದ ಉದಾಹರಣೆಯೇ ಇದೆ. ಮೆಂಫಿಸ್ ನಗರದ ಸ್ಟ್ಯಾಕ್ಸ್ ಕಂಪನಿ ತನ್ನ ತಟ್ಟೆಗಳ ವಿತರಣೆಯನ್ನು ನ್ಯೂಯಾರ್ಕಿನ ಅಟ್ಲಾಂಟಿಕ್ ಕಂಪನಿಗೆ ಕೊಟ್ಟಿತ್ತು. ಅಟ್ಲಾಂಟಿಕ್ ಮಾರಾಟವಾಗಿ, 1968ರಲ್ಲಿ ಸ್ಟ್ಯಾಕ್ಸ್‌ನವರು ಬೇರೆಯಾಗಲು ಹೊರಟಾಗ ಗೊತ್ತಾಯಿತು: 1965ರ ಒಪ್ಪಂದದ ಒಂದು ಕಲಮಿನ ಪ್ರಕಾರ ಅಟ್ಲಾಂಟಿಕ್ ವಿತರಿಸಿದ ಮಾಸ್ಟರ್‌ಗಳೆಲ್ಲ ಅಟ್ಲಾಂಟಿಕ್‌ನ ಸ್ವತ್ತು. ಸ್ಟ್ಯಾಕ್ಸ್‌ನ ಹೆಸರಾಂತ ಗಾಯಕ ಓಟಿಸ್ ರೆಡ್ಡಿಂಗ್ ಹಾಡಿದ ಹಾಡುಗಳೂ ಅದರಲ್ಲೇ ಹೋದವು. ಸ್ಟ್ಯಾಕ್ಸ್ ಕೈಯಲ್ಲಿ ಮಾರಲು ಹಳೆಯ ಸರಕೇ ಉಳಿಯಲಿಲ್ಲ. ಆಗ ಅಲ್ಲಿನ ಹಿರಿಯ ಅಧಿಕಾರಿ ಆಲ್ ಬೆಲ್ ಒಂದೇ ಏಟಿಗೆ 27 ಆಲ್ಬಮ್ ತಯಾರಿಸಲು ಹೊರಟರು. ಆ ಧಾವಂತದಲ್ಲೇ 1969ರಲ್ಲಿ ಗಾಯಕ ಐಸಾಕ್ ಹೇಯ್ಸ್ ಎಂಟರ್‌ಪ್ರೈಸ್ ಎಂಬ ಉಪ ಲೇಬಲ್ಲಿಗೆ ನಾಲ್ಕೇ ಹಾಡಿನ ಆಲ್ಬಮ್ ಮಾಡಿದರು. ಅದರಲ್ಲೊಂದು ಹಾಡು 18 ನಿಮಿಷಕ್ಕೂ ಉದ್ದ. 27ರಲ್ಲಿ ಇದೊಂದು ಏನಾದರೇನು ಅಂತ ಯಾರೂ ಅಡ್ಡ ಬರಲಿಲ್ಲ, ಅದೇ ಎಲ್ಲಕ್ಕಿಂತ ಹೆಚ್ಚು ಓಡಿತು. ಸೋಲ್ ಆಲ್ಬಮ್ ಅಂದರೆ ಎರಡು ಹಿಟ್ ಹಾಡು, ಜೊತೆಗೆ ಜಾಗ ತುಂಬಿಸಲು ಒಂದಷ್ಟು ಎಂಬ ರೂಢಿ ಅಲ್ಲಿಗೆ ಮುರಿಯಿತು. ಇನ್ನೊಬ್ಬ ಸೋಲ್ ಗಾಯಕ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ ಬಂದದ್ದು 1971ರಲ್ಲಿ. ‘ಕರ್ಟಿಸ್’ ಇವೆರಡರ ನಡುವೆ ನಿಂತಿದೆ. ಆದರೆ ಮೂವರಲ್ಲಿ ಮಾಲೀಕರೂ ಆಗಿದ್ದವರು ಮೇಫೀಲ್ಡ್ ಒಬ್ಬರೇ.

ಈಗ ಮೊದಲ ಬದಿಯ ಮೊದಲ ಹಾಡು ಕೇಳಿದಿರಿ. ಶುರುವಿನಲ್ಲೇ ಬೇಸ್ ಗಿಟಾರ್, ಫಜ್ ಹಾಕಿದ್ದು. ಅಂದರೆ ಸಂಕೇತವನ್ನು ಬೇಕೆಂದೇ ಒಡೆದು ಗೊರಗೊರ ಮಾಡಿದ ದನಿ. ಅದರ ಮೇಲೆ ಒಬ್ಬ ಹೆಂಗಸು ಬೈಬಲಿನ ಪ್ರಕಟನೆ ಗ್ರಂಥದ ಬಗ್ಗೆ ಮಾತಾಡುತ್ತಾಳೆ. ಆಮೇಲೆ ಮೇಫೀಲ್ಡ್ ದನಿ, ಪ್ರತಿಧ್ವನಿಯಲ್ಲಿ ಮುಳುಗಿ, ಎಲ್ಲ ಬಣ್ಣದವರನ್ನೂ ಕೂಗಿ ಕರೆಯುತ್ತದೆ. ಒಂದು ಚೀತ್ಕಾರ. ಅಲ್ಲಿಂದ ಕಾಂಗಾ (ಕೈಯಿಂದ ಬಾರಿಸುವ ಉದ್ದನೆಯ ಚರ್ಮವಾದ್ಯ), ಡ್ರಮ್ಸು, ವಾ-ವಾ ಗಿಟಾರ್, ಕೊಂಬುವಾದ್ಯ, ಪಿಟೀಲು ಒಟ್ಟಿಗೆ ಹರಿಯತೊಡಗುತ್ತವೆ. ಅಧ್ಯಕ್ಷ ನಿಕ್ಸನ್ ಹೆಸರೂ ಬರುತ್ತದೆ. ‘ಚಿಂತೆ ಬೇಡ, ಕೆಳಗೆ ನರಕವಿದ್ದರೆ ನಾವೆಲ್ಲರೂ ಅಲ್ಲಿಗೇ’ ಎಂಬ ಅರ್ಥದ ಶೀರ್ಷಿಕೆ. ಇಂಪ್ರೆಷನ್ಸ್‌ನ ಸೌಮ್ಯ ಹಾಡುಗಾರನಿಂದ ಹೊಸ ಆಲ್ಬಮ್ಮಿನ ಬಾಗಿಲಲ್ಲಿ ಇದು! ಇದನ್ನೇ ಮೊದಲ ಸಿಂಗಲ್ ಆಗಿಯೂ ಬಿಟ್ಟರು. ಅಮೆರಿಕದ ಸೋಲ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ, ಪಾಪ್ ಪಟ್ಟಿಯಲ್ಲಿ 29ಕ್ಕೆ ಹೋಯಿತು.

ಕೇಳುವಾಗ ಒಂದು ಗಮನಿಸಿ. ಮೇಫೀಲ್ಡ್ ಹಾಡುವುದು ಫಾಲ್ಸೆಟ್ಟೋದಲ್ಲಿ, ಕಳ್ಳದನಿಯಲ್ಲಿ. ಎತ್ತರದ, ಆದರೆ ತೆಳುವಾದ ಶಾರೀರ. ಹಿಂದೆ ಇಷ್ಟು ದೊಡ್ಡ ಮೇಳವಿದ್ದರೆ ಇಂಥ ದನಿ ಮುಳುಗಿಹೋಗಬೇಕು. ಯಾಕೆ ಮುಳುಗುವುದಿಲ್ಲ ಅಂದರೆ ಜಾಗ ಹಂಚಿದ ರೀತಿಯಿಂದ. ಗ್ಯಾರಿ ಸ್ಲಾಬೋ ಮತ್ತು ರೈಲಿ ಹ್ಯಾಂಪ್ಟನ್ ಇದರ ಅರೇಂಜರ್‌ಗಳು. ದನಿ ಸಾಲು ಹಿಡಿದಿರುವಾಗ ಕೊಂಬುಗಳು ಹೆಚ್ಚಾಗಿ ಸುಮ್ಮನಿರುತ್ತವೆ, ಸಾಲು ಮುಗಿದ ಖಾಲಿಯಲ್ಲಿ ಬಂದು ಉತ್ತರ ಕೊಡುತ್ತವೆ. ತಳದಲ್ಲಿ ಬೇಸ್ ಗಟ್ಟಿಯಾಗಿ ಕೂತಿದೆ, ಕಾಂಗಾ ಆಚೀಚೆ ಹಗುರವಾಗಿ ಓಡಾಡುತ್ತದೆ, ನಡುಭಾಗ ಬಹುಮಟ್ಟಿಗೆ ಖಾಲಿ. ಹಾರ್ಪ್ ಎಂಬ ದೊಡ್ಡ ತಂತಿವಾದ್ಯ ಕೂಡ ಇದೆ, ‘ದಿ ಮೇಕಿಂಗ್ಸ್ ಆಫ್ ಯೂ’ ಹಾಡಿನಲ್ಲಿ ಅದನ್ನು ಹುಡುಕಿ. ತೆಳು ದನಿಯವರು ಧ್ವನಿಮುದ್ರಣಕ್ಕೆ ಹೋದಾಗ ಆಗುವ ದೊಡ್ಡ ತಪ್ಪೆಂದರೆ ದನಿಯನ್ನೇ ಏರಿಸುತ್ತ ಹೋಗುವುದು. ಹಾಗೆ ಮಾಡಿದರೆ ಉಸಿರು, ಸಕಾರ ಚುಚ್ಚತೊಡಗುತ್ತವೆ, ದನಿ ಮೇಳದಿಂದ ಕಿತ್ತು ಹೊರಗೆ ನಿಂತಂತೆ ಕೇಳುತ್ತದೆ. ಉಳಿದವರನ್ನು ಇಳಿಸಿ, ಬಿಡುವು ಕೊಡಿಸುವುದು ಸರಿಯಾದ ದಾರಿ.

ಗಿಟಾರಿನ ವಿಷಯಕ್ಕೆ ಬರೋಣ. ಇದು ನನಗೆ ತುಂಬ ಪ್ರಿಯವಾದ ಭಾಗ. ಮೇಫೀಲ್ಡ್ ಗಿಟಾರನ್ನು ತಾವೇ ಕಲಿತರು. ಪಿಯಾನೋದ ಕಪ್ಪು ಮನೆಗಳಿಗೆ ತಂತಿಗಳನ್ನು ಹೊಂದಿಸಿಕೊಂಡರು, ಜೀವನಪೂರ್ತಿ ಅದೇ ಶ್ರುತಿಯಲ್ಲಿ ನುಡಿಸಿದರು. ದಪ್ಪ ತಂತಿಯಿಂದ ಸಣ್ಣದರವರೆಗೆ: ಎಫ್ ಶಾರ್ಪ್, ಎ ಶಾರ್ಪ್, ಸಿ ಶಾರ್ಪ್, ಎಫ್ ಶಾರ್ಪ್, ಎ ಶಾರ್ಪ್, ಎಫ್ ಶಾರ್ಪ್. ನಮ್ಮ ಲೆಕ್ಕದಲ್ಲಿ ಇದು ನಾಲ್ಕೂವರೆ ಮನೆ ಶ್ರುತಿ, ಹಿಂದೂಸ್ತಾನಿಯವರ ಕಪ್ಪು ಮೂರು. ಎಫ್ ಶಾರ್ಪನ್ನು ಷಡ್ಜ ಮಾಡಿದರೆ ಆರು ತಂತಿ ಹೀಗಾಗುತ್ತವೆ: ಸ ಗ ಪ ಸ ಗ ಸ. ಅದೇ ಷಡ್ಜದಿಂದ ಹಾರ್ಮೋನಿಯಂನ ಐದು ಕಪ್ಪು ಮನೆಗಳನ್ನಷ್ಟೇ ನುಡಿಸಿದರೆ ಸಿಗುವುದು ಮೋಹನ, ಉತ್ತರಾದಿಯಲ್ಲಿ ಭೂಪ. ಮೇಫೀಲ್ಡ್ ಹಾಡುಗಳಲ್ಲಿ ಗಿಟಾರಿನ ಸಣ್ಣ ಸಣ್ಣ ಪಲುಕುಗಳು ನಮ್ಮ ಕಿವಿಗೆ ಪರಿಚಿತ ಅನ್ನಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಮನೆಯಲ್ಲಿ ಗಿಟಾರ್ ಇರುವವರು ಮಾಡಿ ನೋಡಿ, ಆದರೆ ಎಚ್ಚರಿಕೆಯಿಂದ. ಮಾಮೂಲಿ ಶ್ರುತಿಯಿಂದ ಈ ಶ್ರುತಿಗೆ ಬರಲು 6ನೇ ತಂತಿ ಎರಡು ಅರೆಸ್ವರ (ಒಂದು ಅರೆಸ್ವರ ಅಂದರೆ ಗಿಟಾರಿನ ಒಂದು ಮೆಟ್ಟಿಲಿನಷ್ಟು) ಮೇಲೆ, 5ನೆಯದು ಒಂದು ಮೇಲೆ, 4, 3, 2 ತಲಾ ಒಂದು ಕೆಳಗೆ, 1ನೆಯದು ಎರಡು ಮೇಲೆ. ತೊಂದರೆ ಬರುವುದು 1ನೇ ತಂತಿಯಲ್ಲಿ. ಎರಡು ಅರೆಸ್ವರ ಏರಿಸಿದರೆ ಬಿಗಿತ ಬಹಳ ಹೆಚ್ಚುತ್ತದೆ. ಹಳೆಯ ತಂತಿಯಾದರೆ ಸೇತುವೆಯ ಹತ್ತಿರ ಪಟ್ಟಂತ ಕಡಿಯುತ್ತದೆ. ಅಕೌಸ್ಟಿಕ್ ಗಿಟಾರಿಗೆ ದಪ್ಪ ತಂತಿ ಹಾಕಿದ್ದರೆ ಈ ಪ್ರಯೋಗವೇ ಬೇಡ. ಅದರ ಬದಲು ಇಡೀ ಜೋಡಣೆಯನ್ನು ಎರಡು ಅರೆಸ್ವರ ಕೆಳಗಿಳಿಸಿ: ಇ, ಜಿ ಶಾರ್ಪ್, ಬಿ, ಇ, ಜಿ ಶಾರ್ಪ್, ಇ. ಈಗ 6 ಮತ್ತು 1 ಇದ್ದಲ್ಲೇ ಇರುತ್ತವೆ, 5ನೆಯದು ಒಂದು ಇಳಿಯುತ್ತದೆ, 4, 3, 2 ತಲಾ ಮೂರು ಇಳಿಯುತ್ತವೆ. ಎರಡನೇ ಮೆಟ್ಟಿಲಿಗೆ ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿದರೆ ಮೇಫೀಲ್ಡ್ ಶ್ರುತಿ ಸಿಕ್ಕಿತು. ಮೂರು ಅರೆಸ್ವರ ಇಳಿದ ತಂತಿಗಳು ಸಡಿಲವಾಗಿ ಝೇಂಕರಿಸಬಹುದು. ಮೆಲ್ಲಗೆ ಬೆರಳಿನಿಂದ ಮೀಟಿದರೆ ಸರಿಹೋಗುತ್ತದೆ. ಪಿಕ್ ಬೇಡ, ಅವರೂ ಬೆರಳಿನಿಂದಲೇ ನುಡಿಸುತ್ತಿದ್ದರು. ಗೊತ್ತಿರುವ ಕಾರ್ಡ್ ಆಕಾರಗಳು ಇದರಲ್ಲಿ ಯಾವುದೂ ಕೆಲಸ ಮಾಡುವುದಿಲ್ಲ. 2 ಮತ್ತು 1ನೇ ತಂತಿಗಳ ನಡುವೆ ಎಂಟು ಅರೆಸ್ವರದ ದೊಡ್ಡ ಜಿಗಿತ ಇರುವುದರಿಂದ ಸ್ಕೇಲುಗಳೂ ಕೈಗೆ ಎಟುಕುವುದಿಲ್ಲ. ಎರಡು ಮೂರು ತಂತಿ ಮಾತ್ರ ಹಿಡಿದು, ಒಂದು ಬೆರಳನ್ನು ಸರಿಸಿ ಸ್ವರ ಬದಲಿಸುವ ಅಭ್ಯಾಸ ಮಾಡಿ. ಅವರ ಕೈಬರಹ ಅದೇ.

ಎರಡನೇ ಬದಿಯ ಮೊದಲ ಹಾಡು ‘ಮೂವ್ ಆನ್ ಅಪ್’. ಸುಮಾರು 8 ನಿಮಿಷ 50 ಸೆಕೆಂಡ್. ಹಾಡುಗಾರಿಕೆ ಅರ್ಧದ ಆಸುಪಾಸಿನಲ್ಲಿ ಮುಗಿಯುತ್ತದೆ. ಮಿಕ್ಕಿದ್ದೆಲ್ಲ ತಾಳ, ಗಿಟಾರ್, ಸ್ಯಾಕ್ಸೊಫೋನು. ಮಾಸ್ಟರ್ ಹೆನ್ರಿ ಗಿಬ್ಸನ್ ಅವರ ಕಾಂಗಾ ಇದರ ಜೀವ. ಡ್ರಮ್ಸ್ ನೇರ ನಡೆಯುತ್ತಿದ್ದರೆ ಕಾಂಗಾ ಅದರ ಸಂದುಗಳಲ್ಲಿ ಮಾತಾಡುತ್ತದೆ. ಹೆಡ್‌ಫೋನ್ ಹಾಕಿ ಕಾಂಗಾ ಒಂದನ್ನೇ ಹಿಂಬಾಲಿಸಿ ಕೊನೆತನಕ ಕೇಳಿ. ಒಂಬತ್ತು ನಿಮಿಷ ಕಡಿಮೆಯಾಯಿತು ಅನ್ನಿಸುತ್ತದೆ. 45 ಆರ್‌ಪಿಎಂನ (ನಿಮಿಷಕ್ಕೆ 45 ಸುತ್ತು) ಏಳಿಂಚಿನ ಸಿಂಗಲ್ಲಿಗೆ ಇದು ಹಿಡಿಯದು, ರೇಡಿಯೋದವರಿಗೂ ಬೇಕಾಗಿದ್ದದ್ದು ಮೂರು ನಿಮಿಷ. ಕತ್ತರಿಸಿದ ಆವೃತ್ತಿ ಬ್ರಿಟನ್ನಿನಲ್ಲಿ 1971ರಲ್ಲಿ 12ನೇ ಸ್ಥಾನಕ್ಕೆ ಏರಿತು. ಅಮೆರಿಕದ ಪಟ್ಟಿಗೆ ಹತ್ತಲೇ ಇಲ್ಲ. ಇವತ್ತು ಅವರ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವ ಹಾಡುಗಳಲ್ಲಿ ಇದೊಂದು. 2005ರಲ್ಲಿ ರ‍್ಯಾಪ್ ಗಾಯಕ ಕಾನ್ಯೆ ವೆಸ್ಟ್ ಇದರ ಕೊಂಬುಗಳನ್ನೇ ತೆಗೆದುಕೊಂಡು ‘ಟಚ್ ದಿ ಸ್ಕೈ’ ಮಾಡಿದರು. ಹಾಗೆ ಸ್ಯಾಂಪಲ್ ಮಾಡುವವರು ಎರಡು ಕಡೆ ಅನುಮತಿ ಪಡೆಯಬೇಕು, ರಚನೆಗೆ ಒಂದು, ಮಾಸ್ಟರ್‌ಗೆ ಒಂದು. ಆ ಎರಡು ಆಸ್ತಿಯ ಲೆಕ್ಕ ಇಲ್ಲಿ ಮತ್ತೆ ಬಂತು ನೋಡಿ.

ಉದ್ದದ ಹಾಡನ್ನು ತಟ್ಟೆಯ ಎಲ್ಲಿಡಬೇಕು ಎಂಬುದಕ್ಕೂ ಕಾರಣಗಳಿವೆ. 33⅓ ಆರ್‌ಪಿಎಂನಲ್ಲಿ ತಿರುಗುವ ತಟ್ಟೆಯ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ತೋಡು (ದನಿ ಕೊರೆದಿರುವ ಗೆರೆ) ಹಾಯುತ್ತದೆ. ಲೇಬಲ್ ಹತ್ತಿರ ಬರುವಷ್ಟರಲ್ಲಿ ಅದು ಸುಮಾರು 21ಕ್ಕೆ ಇಳಿಯುತ್ತದೆ. ಅದೇ ಒಂದು ಸೆಕೆಂಡಿನ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇರುಕಬೇಕು. ತುತ್ತೂರಿ, ತಾಳವಾದ್ಯ, ಸಕಾರಗಳು ಅಲ್ಲಿ ಒಡೆದು ಕೇಳುವುದು ಅದಕ್ಕೇ. ಈ ಆಲ್ಬಮ್ಮಿನ ಎರಡು ಅತಿ ಉದ್ದದ, ಅತಿ ಗದ್ದಲದ ಹಾಡುಗಳು ಎರಡೂ ಬದಿಯಲ್ಲಿ ಮೊದಲ ಸ್ಥಾನದಲ್ಲಿವೆ, ಅಂದರೆ ಹೊರ ಅಂಚಿನಲ್ಲಿ. ಮೊದಲ ಬದಿ 21 ನಿಮಿಷ ದಾಟುತ್ತದೆ, ಎರಡನೆಯದು 19ರ ಹತ್ತಿರ. ಬದಿ ಉದ್ದವಾದಷ್ಟೂ ತೋಡುಗಳನ್ನು ಒತ್ತಾಗಿ ಕೊರೆಯಬೇಕು, ದನಿಯ ಮಟ್ಟ ತಗ್ಗಿಸಬೇಕು. ಮೊದಲ ಬದಿಯ ಕೊನೆಯ ಹಾಡು ‘ವಿ ದ ಪೀಪಲ್ ಹೂ ಆರ್ ಡಾರ್ಕರ್ ದ್ಯಾನ್ ಬ್ಲೂ’ ಶುರುವಾಗುವುದು ನಿಧಾನವಾಗಿ. ನಡುವೆ ಒಮ್ಮೆಲೇ ಕಾಂಗಾ ಸಿಡಿದು ವೇಗ ಹಿಡಿದು, ಮತ್ತೆ ಮೊದಲಿನ ನಡೆಗೆ ಮರಳುತ್ತದೆ. ನಿಮ್ಮ ಟರ್ನ್‌ಟೇಬಲ್ ಸರಿಯಿದೆಯೋ ಇಲ್ಲವೋ ಪರೀಕ್ಷಿಸಲು ಆ ನಡುಭಾಗ ಒಳ್ಳೆಯ ಜಾಗ. ಅಲ್ಲಿ ದನಿ ಚೂರುಚೂರಾದರೆ ಸೂಜಿ ಹಿಡಿದಿರುವ ಕಾರ್ಟ್ರಿಜ್‌ನ ಕೋನ ತಪ್ಪಿದೆ, ಇಲ್ಲವೇ ಸೂಜಿ ಸವೆದಿದೆ. ತಟ್ಟೆಯೇ ಹಾಳೆಂದು ಎಸೆಯುವ ಮುಂಚೆ ಅವೆರಡನ್ನೂ ನೋಡಿ.

ಸ್ವಂತ ಲೇಬಲ್ ಅಂದಾಕ್ಷಣ ಎಲ್ಲವೂ ಕೈಯಲ್ಲಿತ್ತು ಅಂದುಕೊಳ್ಳಬೇಡಿ. ತಟ್ಟೆಗಳನ್ನು ದೇಶದ ತುಂಬ ತಲುಪಿಸುವ ಶಕ್ತಿ ಕರ್ಟಮ್‌ಗೆ ಇರಲಿಲ್ಲ. ಅದಕ್ಕೆ ನ್ಯೂಯಾರ್ಕಿನ ಬುದ್ಧಾ ರೆಕಾರ್ಡ್ಸ್ ಜೊತೆ ವಿತರಣಾ ಒಪ್ಪಂದ ಮಾಡಿಕೊಂಡರು. ನೀಲ್ ಬೊಗಾರ್ಟ್ ನಡೆಸುತ್ತಿದ್ದ, ಹದಿಹರೆಯದವರ ಪಾಪ್ ಹಾಡುಗಳಿಗೆ ಹೆಸರಾದ ಕಂಪನಿ ಅದು. ಸಣ್ಣ ಲೇಬಲ್‌ಗಳು ವಿತರಕರಿಲ್ಲದೆ ಯಾಕೆ ಮುಳುಗುತ್ತವೆ ಗೊತ್ತೇ? ಹೆಚ್ಚಿನ ಸಲ ಹಾಡು ಸೋತು ಮುಳುಗುವುದಿಲ್ಲ, ಗೆದ್ದು ಮುಳುಗುತ್ತವೆ. ಹಾಡು ಓಡಿತು ಅಂದರೆ ಅಂಗಡಿಗಳು ಇನ್ನಷ್ಟು ಕಳಿಸಿ ಅನ್ನುತ್ತವೆ. ತಟ್ಟೆ ಒತ್ತುವ ಕಾರ್ಖಾನೆಗೆ ದುಡ್ಡು ಈಗಲೇ ಬೇಕು. ಅಂಗಡಿಯಿಂದ ವಿತರಕರಿಗೆ, ಅವರಿಂದ ನಿಮಗೆ ದುಡ್ಡು ಬರಲು ತಿಂಗಳುಗಟ್ಟಲೆ ಬೇಕು. ಮಾರದೆ ಉಳಿದದ್ದನ್ನು ಅಂಗಡಿಯವರು ವಾಪಸ್ ಕಳಿಸಬಹುದು, ಅದೂ ನಿಮ್ಮ ಲೆಕ್ಕಕ್ಕೇ. ನಿಮ್ಮ ಮುಂದಿನ ತಟ್ಟೆ ಅವರಿಗೆ ಬೇಕೇ ಬೇಕು ಅನ್ನುವಂತಿದ್ದರೆ ಹಳೆಯ ಬಾಕಿ ಬೇಗ ಬರುತ್ತದೆ. ಒಂದೇ ಹಿಟ್ ಇಟ್ಟುಕೊಂಡು ಕೂತ ಲೇಬಲ್ಲಿಗೆ ಯಾರೂ ಕೊಡುವುದಿಲ್ಲ.

ಮೇಫೀಲ್ಡ್ ತಂಡ ಬಿಟ್ಟ ರೀತಿಯಲ್ಲಿ ಈ ಅರಿವು ಕಾಣುತ್ತದೆ. ಇಂಪ್ರೆಷನ್ಸ್‌ನಿಂದ ಹೊರಬಂದರೂ ತಂಡವನ್ನು ಕರ್ಟಮ್‌ನಲ್ಲೇ ಉಳಿಸಿಕೊಂಡರು. ತಂಡದಲ್ಲಿ ಉಳಿದ ಸ್ಯಾಮ್ ಗುಡೆನ್, ಫ್ರೆಡ್ ಕ್ಯಾಶ್ ಜೊತೆಗೆ ಮೇಫೀಲ್ಡ್ ಜಾಗಕ್ಕೆ ಲೀರಾಯ್ ಹಟ್ಸನ್ ಬಂದರು. ತಂಡಕ್ಕೆ ಹಾಡು ಬರೆಯುವುದನ್ನು ಮೇಫೀಲ್ಡ್ ನಿಲ್ಲಿಸಲಿಲ್ಲ. ‘ಕರ್ಟಿಸ್’ ಸಂಖ್ಯೆ ಸಿಆರ್‌ಎಸ್ 8005 ಆದರೆ ಇಂಪ್ರೆಷನ್ಸ್‌ನ ಮುಂದಿನ ಆಲ್ಬಮ್ 8006. ಅಂಗಡಿಗೆ ಒಂದರ ಹಿಂದೊಂದು ಸರಕು ಹೋಗುತ್ತಿತ್ತು. ‘ಕರ್ಟಿಸ್’ ಸೋಲ್ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ, ಪಾಪ್ ಪಟ್ಟಿಯಲ್ಲಿ 19ಕ್ಕೆ ಹೋಯಿತು. 1972ರಲ್ಲಿ ‘ಸೂಪರ್ ಫ್ಲೈ’ ಚಿತ್ರದ ಆಲ್ಬಮ್ ಪಾಪ್ ಪಟ್ಟಿಯಲ್ಲೂ ಒಂದನೇ ಸ್ಥಾನ ಹಿಡಿಯಿತು. 1975ರಲ್ಲಿ ವಿತರಣೆ ವಾರ್ನರ್‌ಗೆ ಹೋಯಿತು. ಡಿಸ್ಕೋ ಕಾಲದಲ್ಲಿ ಹಾಡುಗಳೂ ಸೊರಗಿದವು, ಆ ದಶಕ ಮುಗಿಯುವಷ್ಟರಲ್ಲಿ ಕರ್ಟಮ್‌ನ ಒಳ್ಳೆಯ ದಿನಗಳೂ ಮುಗಿದವು.

ಯಾವ ಪ್ರತಿ ಕೊಳ್ಳಬೇಕು ಅಂತ ಕೆಲವರು ಚೀಟಿ ಕಳಿಸಿದ್ದೀರಿ. ಹಳೆಯ ಅಮೆರಿಕನ್ ಪ್ರತಿ ಸಿಕ್ಕರೆ ಎರಡೂ ಬದಿಯ ಹೊರ ಅಂಚನ್ನು ದೀಪದ ಕೆಳಗೆ ಓರೆ ಹಿಡಿದು ನೋಡಿ. ಎಲ್ಲರೂ ಸವೆಸಿರುವುದು ಆ ಎರಡು ಉದ್ದದ ಹಾಡುಗಳನ್ನೇ, ತೋಡು ಅಲ್ಲಿ ಬೂದುಬಣ್ಣಕ್ಕೆ ತಿರುಗಿದ್ದರೆ ಬಿಟ್ಟುಬಿಡಿ. ಕೇಳುವುದಷ್ಟೇ ಉದ್ದೇಶವಾದರೆ 2000ದಲ್ಲಿ ರೈನೋ ಕಂಪನಿ ಹೊರತಂದ ಮರುಬಿಡುಗಡೆ ಸಾಕು, ಅದರಲ್ಲಿ ಡೆಮೊಗಳೂ (ಹಾಡುಗಳ ಕರಡು ಮುದ್ರಣಗಳು) ಇವೆ. ಅದಾದ ಮೇಲೆ 1971ರ ‘ಕರ್ಟಿಸ್/ಲೈವ್!’ ಕೇಳಿ. ನ್ಯೂಯಾರ್ಕಿನ ಬಿಟರ್ ಎಂಡ್ ಎಂಬ ಪುಟ್ಟ ಕ್ಲಬ್ಬಿನಲ್ಲಿ ಮುದ್ರಿಸಿದ್ದು. ಪಿಟೀಲಿಲ್ಲ, ಕೊಂಬಿಲ್ಲ, ಹಾರ್ಪ್ ಇಲ್ಲ. ಮೇಫೀಲ್ಡ್ ಸೇರಿ ಐದೇ ಜನ: ಎರಡು ಗಿಟಾರು, ಲಕ್ಕಿ ಸ್ಕಾಟ್ ಬೇಸ್, ಡ್ರಮ್ಸು, ಹೆನ್ರಿ ಗಿಬ್ಸನ್ ಕಾಂಗಾ. ಸ್ಟುಡಿಯೋದಲ್ಲಿ ಕೊಂಬುಗಳು ಉತ್ತರ ಕೊಡುತ್ತಿದ್ದ ಜಾಗಗಳಲ್ಲಿ ಇಲ್ಲಿ ಆ ಸ-ಗ-ಪ ತಂತಿಗಳು ಉತ್ತರ ಕೊಡುತ್ತವೆ. ಗಿಟಾರನ್ನು ಆ ಶ್ರುತಿಗೆ ತಂದಿಟ್ಟುಕೊಂಡವರು ಅಲ್ಲಿಂದಲೇ ಜೊತೆ ನುಡಿಸಲು ಶುರು ಮಾಡಬಹುದು.